ಆಟ ಮಟಮಾರಿಯಲ್ಲಿ, ಗಲ್ಲಾಪೆಟ್ಟಿಗೆ ಸೋಲ್‌ನಲ್ಲಿ

ಸಂಜೆಯಾದರೆ ರಾಯಚೂರು ಬಳಿಯ ಮಟಮಾರಿಯಂಥ ಊರಿನ ಕಟ್ಟೆಗಳ ಮೇಲೆ ಮೂರ್ನಾಲ್ಕು ಹುಡುಗರು ತಲೆ ಬಗ್ಗಿಸಿ ಕೂತಿರುತ್ತಾರೆ. ‘ಝೋನ್ ಬಂತಲೇ, ಓಡು’, ‘ರಿವೈವ್ ಮಾಡಪಾ ಮೊದ್ಲು’. ಮಾತು ಅಪ್ಪಟ ರಾಯಚೂರಿನದು, ಬೆರಳಡಿಯ ಅಕ್ಷರ ಇಂಗ್ಲಿಷಿನದು. ಆಟದ ಹೆಸರು ಬಿಜಿಎಂಐ. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಮೇಲೆ, ಮರುವರ್ಷ ಹೊಸ ಹೆಸರಿನಲ್ಲಿ ಬಂದದ್ದು. ಆಟವೇನೋ ಪುಕ್ಕಟೆ, ಆದರೆ ಆಟದೊಳಗಿನ ವೇಷಕ್ಕೆ, ಬಂದೂಕಿನ ಬಣ್ಣಕ್ಕೆ ‘ಯುಸಿ’ ಎಂಬ ಆಟದ ನಾಣ್ಯ ಕೊಳ್ಳಬೇಕು. ಆ ರೊಕ್ಕ ಸೇರುವುದು ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿಗೆ.

ಇದು ಹೀಗೇ ಆಗಬೇಕೆಂದೇನೂ ಇರಲಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದರು. ವಿಡಿಯೊ ಗೇಮ್ ತಯಾರಿಕೆಯನ್ನೇ ಕಸುಬಾಗಿಸಿಕೊಂಡ ದೇಶದ ಮೊದಲ ಕಂಪನಿಗಳಲ್ಲಿ ಅದೂ ಒಂದು. ಅದೇ ವರ್ಷ ಕೊರಿಯಾದ ಸೋಲ್‌ನಲ್ಲಿ ಎನ್‌ಸಿಸಾಫ್ಟ್ ಎಂಬ ಗೇಮ್ ಕಂಪನಿ ಹುಟ್ಟಿತು. ಅದೇ ವರ್ಷ ಫ್ರಾನ್ಸಿನ ಯೂಬಿಸಾಫ್ಟ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಟುಡಿಯೊ ತೆರೆಯಿತು. ಪ್ರತಿಭೆಯಲ್ಲಿ ಬೆಂಗಳೂರು ಉಳಿದೆರಡು ಊರುಗಳಿಗಿಂತ ಕಡಿಮೆಯಿತ್ತು ಎಂದು ನನಗನ್ನಿಸುವುದಿಲ್ಲ. ವ್ಯತ್ಯಾಸವಾದದ್ದು ಹಿಂದೆ ನಿಂತವರಲ್ಲಿ.

ಮಾಂಟ್ರಿಯಲ್‌ನಲ್ಲಿ ಕೆಲಸಗಾರರ ಸಂಬಳದ ಒಂದು ಪಾಲನ್ನು ಸರ್ಕಾರವೇ ಹೊತ್ತುಕೊಂಡಿತು. ಹತ್ತು ವರ್ಷದ ನಂತರ, 2007ರಲ್ಲಿ, ಅದೇ ಸ್ಟುಡಿಯೊದಿಂದ ‘ಅಸಾಸಿನ್ಸ್ ಕ್ರೀಡ್’ ಬಂತು. ಕೊರಿಯಾದ್ದು ಇನ್ನೂ ವಿಚಿತ್ರ. 1997ರ ಕೊನೆಗೆ ಅಲ್ಲಿನ ಆರ್ಥಿಕತೆ ಕುಸಿದು ಬಿತ್ತು. ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಜನ ಗಲ್ಲಿಗಲ್ಲಿಯಲ್ಲಿ ‘ಪಿಸಿ ಬಾಂಗ್’ ಎಂಬ ಕಂಪ್ಯೂಟರ್ ಅಂಗಡಿ ತೆರೆದರು. ಸರ್ಕಾರ ಬ್ರಾಡ್‌ಬ್ಯಾಂಡ್ ಎಳೆಯಿತು, ಗೇಮ್ ಉದ್ಯಮಕ್ಕೆಂದೇ ನೆರವಿನ ಕೇಂದ್ರ ತೆರೆಯಿತು. ಎನ್‌ಸಿಸಾಫ್ಟ್‌ನ ‘ಲೀನಿಯೇಜ್’ 1998ರಲ್ಲಿ ಬಂದಾಗ ಆಡಲು ಜನರೂ ಇದ್ದರು, ಜಾಗವೂ ಇತ್ತು. ಆ ನೆಲದಲ್ಲಿ ಬೆಳೆದ ಕಂಪನಿಗಳ ಸಾಲಿಗೇ ಕ್ರಾಫ್ಟನ್ ಸೇರುತ್ತದೆ.

ಧ್ರುವ ಬದುಕಿದ್ದು ಹೊರಗಿನವರ ಕೆಲಸ ಮಾಡಿಕೊಟ್ಟು. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಎಂಬ ಕಾರ್ ರೇಸಿನ ಆಟಕ್ಕೆ ಅದು ಚಿತ್ರಕೆಲಸ ಮಾಡಿದೆ. ಇಂಥ ಆಟದ ಒಂದು ಕಾರು ತಯಾರಾಗುವುದನ್ನು ನೋಡಬೇಕು. ನಿಜವಾದ ಕಾರಿನ ನೂರಾರು ಫೋಟೊ ಎದುರಿಗಿಟ್ಟುಕೊಂಡು ಕಲಾವಿದ ಮೊದಲು ಸಣ್ಣಸಣ್ಣ ಚೌಕ, ತ್ರಿಕೋನಗಳ ಬಲೆಯಲ್ಲಿ ಅದರ ಮೈ ಕಟ್ಟುತ್ತಾನೆ. ಆಮೇಲೆ ಆ ಮೈಯನ್ನು ಬಿಡಿಸಿ ಚಪ್ಪಟೆ ಹಾಸಿ ಬಣ್ಣ ಬಳಿಯುತ್ತಾನೆ. ಹೆಡ್‌ಲೈಟಿನ ಗಾಜಿನೊಳಗಿನ ಗೆರೆ, ಸ್ಟೀರಿಂಗಿನ ಚರ್ಮಕ್ಕೆ ಹಾಕಿದ ಹೊಲಿಗೆ, ಬ್ರೇಕಿನ ತಟ್ಟೆಯ ಮೇಲಿನ ಗೀರು, ಒಂದೂ ತಪ್ಪಿಹೋಗುವಂತಿಲ್ಲ. ತಪ್ಪಿದರೆ ಗಿರಾಕಿಯಿಂದ ‘ಫೀಡ್‌ಬ್ಯಾಕ್’ ಬರುತ್ತದೆ, ಮತ್ತೆ ತಿದ್ದಬೇಕು. ಇಷ್ಟೆಲ್ಲ ಆಗಿ ಫೈಲ್ ಕಳಿಸಿದರೆ ಕೂಲಿ ಮುಟ್ಟಿತು, ಲೆಕ್ಕ ಮುಗಿಯಿತು. ಮುಂದೆ ಆ ಆಟ ಎಷ್ಟು ಕೋಟಿ ಗಳಿಸಿದರೂ ಅದರಲ್ಲಿ ಪಾಲಿಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆ ಕಂಡವರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಿಲ್ಲ: ಬೆಳೆದವನಿಗೆ ಕ್ವಿಂಟಲ್ ಲೆಕ್ಕ, ಅಂಗಿ ಮಾರಿದವನಿಗೆ ಹೆಸರಿನ ಲೆಕ್ಕ.

2019ರಲ್ಲಿ ಧ್ರುವ ಅಮೆರಿಕದ ರಾಕ್‌ಸ್ಟಾರ್ ಪಾಲಾಯಿತು. ಅದಕ್ಕೂ ಮೊದಲೇ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತ್ತು. ಸ್ಟಾರ್‌ಬ್ರೀಜ್ ಬಳಿಯಿದ್ದ ಶೇ 90ಕ್ಕೂ ಮೇಲ್ಪಟ್ಟ ಪಾಲು ರಾಕ್‌ಸ್ಟಾರ್ ಕೈ ಸೇರಿದ್ದು 79 ಲಕ್ಷ ಡಾಲರಿಗೆ. ಇದೇ ರಾಕ್‌ಸ್ಟಾರ್‌ನ ‘ಗ್ರಾಂಡ್ ಥೆಫ್ಟ್ ಆಟೊ 5’ 2013ರಲ್ಲಿ ಬಿಡುಗಡೆಯಾದ ಮೂರೇ ದಿನಕ್ಕೆ 100 ಕೋಟಿ ಡಾಲರ್ ಮಾರಾಟ ಕಂಡಿತ್ತು. ಎರಡು ದಶಕ ಬೆವರು ಸುರಿಸಿದ ಒಂದು ಕಂಪನಿಯ ಬೆಲೆ, ಸ್ವಂತ ಹೆಸರಿನ ಒಂದು ಆಟದ ಮೂರು ದಿನದ ಗಳಿಕೆಯಲ್ಲಿ ಶೇ 1ಕ್ಕೂ ಕಡಿಮೆ.

ಕರ್ನಾಟಕ ಸರ್ಕಾರ ಮಲಗಿತ್ತು ಎನ್ನಲಾಗದು. ಅನಿಮೇಷನ್, ಗೇಮಿಂಗ್‌ಗೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2012ರಲ್ಲಿ. 2017ರಲ್ಲಿ ಎರಡನೆಯದು ಬಂತು. 2021ರಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ತೆರೆಯಿತು. ಮೂರನೆಯ ನೀತಿ 2024ರ ಜನವರಿಯಲ್ಲಿ ಬಿಡುಗಡೆಯಾಯಿತು: ಐದು ವರ್ಷಕ್ಕೆ 150 ಕೋಟಿ ರೂಪಾಯಿ, 30,000 ಉದ್ಯೋಗದ ಗುರಿ. ನನ್ನ ತಕರಾರು ಇಷ್ಟೇ: ನೀತಿಗಳು ಎಣಿಸಿದ್ದು ನೌಕರಿಯನ್ನು, ಒಡೆತನವನ್ನಲ್ಲ. ಒಡೆತನ ಬೇರೆಡೆ ಇದ್ದರೆ ನೌಕರಿಯ ಗತಿಯೇನೆಂದು 2025ರ ಫೆಬ್ರುವರಿಯಲ್ಲಿ ಬೆಂಗಳೂರು ನೋಡಿತು. ಪ್ಯಾರಿಸ್ಸಿನ ಅನಿಮೇಷನ್ ಕಂಪನಿ ಟೆಕ್ನಿಕಲರ್ ಹಣವಿಲ್ಲದೆ ಕುಸಿದಾಗ ಇಲ್ಲಿನ ಶಾಖೆಯೂ ಬಾಗಿಲು ಹಾಕಿತು. ಸಾವಿರಾರು ಕಲಾವಿದರು ಏಕಾಏಕಿ ಬೀದಿಗೆ ಬಂದರು.

ಇನ್ನು ಈ ಉದ್ಯಮದ ಗಾತ್ರದ ಬಗ್ಗೆ ವೇದಿಕೆಗಳ ಮೇಲೆ ಕೇಳಿಬರುತ್ತಿದ್ದ ದೊಡ್ಡ ದೊಡ್ಡ ಅಂಕಿಗಳು. 2023ರಲ್ಲಿ ದೇಶದ ಆನ್‌ಲೈನ್ ಗೇಮಿಂಗ್ 22,000 ಕೋಟಿ ರೂಪಾಯಿ ಮುಟ್ಟಿತೆಂದು ಫಿಕ್ಕಿ ವರದಿ ಹೇಳಿತು. ಅದರಲ್ಲಿ ಐದಕ್ಕೆ ನಾಲ್ಕು ಪಾಲಿಗೂ ಮಿಕ್ಕಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಂಥ ರೊಕ್ಕ ಕಟ್ಟುವ ಆಟಗಳದು. ರಾಜ್ಯ ಸರ್ಕಾರ 2021ರಲ್ಲಿ ಅವನ್ನು ನಿಷೇಧಿಸಿತ್ತು, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿ ದೇಶದಾದ್ಯಂತ ಬಾಗಿಲು ಮುಚ್ಚಿಸಿತು. ಜೂಜನ್ನು ಕಳೆದು ನೋಡಿದರೆ ಉಳಿಯುವ ಉದ್ಯಮ ಚಿಕ್ಕದು. ಬೆಳೆಸಬೇಕಾದದ್ದು ಅದನ್ನೇ.

ರಾಯಚೂರಿಗೆ ಇದರಲ್ಲೇನು ಕೆಲಸ ಎನ್ನುವವರಿದ್ದಾರೆ. ಬೊಂಬಾಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ; ಮಟಮಾರಿ ಸ್ಟೇಷನ್ ಅದೇ ಮಾರ್ಗದ ಮೇಲಿದೆ. ಈ ಹಳಿ ಇಲ್ಲಿನ ಕೈಗಳನ್ನು ಹೊರಗೊಯ್ದದ್ದೇ ಹೆಚ್ಚು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ ಹೆಸರು ಮಾಡಲು ಮುಂಬೈಗೇ ಹೋಗಬೇಕಾಯಿತು. ದೇವದುರ್ಗ, ಮಾನ್ವಿ ಕಡೆಯವರು ಇವತ್ತಿಗೂ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಹಿಡಿಯುತ್ತಾರೆ. ಅನಿಮೇಷನ್ ಕಲಿತ ಹುಡುಗಿಯೂ ಅದೇ ಬಸ್ಸು ಹತ್ತುವುದಾದರೆ, ಲ್ಯಾಪ್‌ಟಾಪ್ ಹಿಡಿದ ಗುಳೆ ಎನ್ನಬಹುದು, ಅಷ್ಟೇ.

ಇಲ್ಲಿ ಏನೂ ಇಲ್ಲವೆಂದಲ್ಲ. ಐಐಟಿ ಕೇಳಿ ಕೂತಿದ್ದ ರಾಯಚೂರಿಗೆ ಅದು ಸಿಗದೆ ಧಾರವಾಡಕ್ಕೆ ಹೋಯಿತು. ನಮ್ಮ ಪಾಲಿಗೆ ಐಐಐಟಿ ಬಂತು. 2019ರಲ್ಲಿ ಹೈದರಾಬಾದಿನ ಐಐಟಿ ಆವರಣದಲ್ಲಿ ತರಗತಿ ಆರಂಭಿಸಿ ಆಮೇಲೆ ರಾಯಚೂರಿಗೆ ಬಂದ ಸಂಸ್ಥೆ ಅದು. ಅಲ್ಲಿ ಕೋಡ್ ಬರೆಯುವವರಿದ್ದಾರೆ. ಕಲಬುರಗಿಯ ಕಲಾ ಕಾಲೇಜುಗಳಲ್ಲಿ ಚಿತ್ರ ಬರೆಯುವವರಿದ್ದಾರೆ. ಗೇಮ್ ಎಂದರೆ ಇವರಿಬ್ಬರೂ ಒಂದೇ ಮೇಜಿಗೆ ಕೂತು ಮಾಡುವ ಕೆಲಸ. ಆ ಮೇಜು, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಹತ್ತಿಪ್ಪತ್ತು ಯಂತ್ರ, ಕೈಕೊಡದ ಕರೆಂಟು ಇದ್ದರೆ ಶುರು ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಆಟವೊಂದು ಮಾರುಕಟ್ಟೆ ಕಾಣುವ ತನಕದ ಒಂದೆರಡು ವರ್ಷ ತಂಡದ ಹೊಟ್ಟೆಪಾಡು ನೋಡಿಕೊಳ್ಳುವ ಹಣ, ಆಟದ ಹಕ್ಕು ತಂಡದ ಹೆಸರಿನಲ್ಲೇ ಉಳಿಯಬೇಕೆಂಬ ಷರತ್ತಿನೊಂದಿಗೆ. ಬ್ಯಾಂಕಿನವರು ಇದಕ್ಕೆ ಸಾಲ ಕೊಡುವುದು ಕಷ್ಟ. ಅಡವಿಡಲು ಹೊಲವೂ ಇಲ್ಲ, ಯಂತ್ರವೂ ಇಲ್ಲ.

ಹಣವಿಲ್ಲ ಎಂಬ ಮಾತು ಮಾತ್ರ ಈ ಭಾಗದಲ್ಲಿ ನಡೆಯುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. 2024ರ ನೀತಿ ಬಂದದ್ದು ಪ್ರಿಯಾಂಕ್ ಖರ್ಗೆ ಐಟಿ ಸಚಿವರಾಗಿದ್ದಾಗ. ಅವರು ಇದೇ ಭಾಗದ ಚಿತ್ತಾಪುರದ ಶಾಸಕರು. ನೀತಿಯ ಅವಧಿ 2029ಕ್ಕೆ ಮುಗಿಯುತ್ತದೆ. ಮಂಡಳಿಯ ಕ್ರಿಯಾ ಯೋಜನೆಯಲ್ಲಿ ಸಿಸಿ ರಸ್ತೆ, ಸಮುದಾಯ ಭವನಗಳ ನಡುವೆ ಈ ಮೇಜಿಗೊಂದು ಸಾಲು ಬರೆಸುವವರು ಅಷ್ಟರೊಳಗೆ ಸಿಕ್ಕಬೇಕು.