ಕಪ್ ಸಿಕ್ಕಿತು, ಕಾಗದ ಎಲ್ಲಿ?

ನೊಣವಿನಕೆರೆ ದಾಟಿ ತುರುವೇಕೆರೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಜಾತ್ರೆ ಪ್ರಯುಕ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡಿದ್ದರು. ಟಿವಿಯಲ್ಲಿ ಮುಖ ಕಾಣುತ್ತೆ ಅನ್ನೋ ಒಂದೇ ಕಾರಣಕ್ಕೆ ಬಹುಮಾನ ಕೊಡೋಕೆ ನನ್ನನ್ನು ಕರೆದಿದ್ದರು. ಸುತ್ತ ತೆಂಗಿನ ತೋಟ, ನಡುವೆ ಕೆಮ್ಮಣ್ಣು ಹಾಕಿ ನೀರು ಚಿಮುಕಿಸಿದ ಅಂಕಣ. ಫೈನಲ್ ಮುಗಿದಾಗ ರಾತ್ರಿ ಎರಡೂವರೆ. ಜನ ಮಾತ್ರ ಒಬ್ಬರೂ ಕದಲಿರಲಿಲ್ಲ.

ವೇದಿಕೆ ಮೇಲೆ ಕಪ್‌ಗಳ ಸಾಲು ನೋಡಬೇಕಿತ್ತು ನೀವು. ಮೊದಲ ಬಹುಮಾನ, ಎರಡನೇ ಬಹುಮಾನ, ಸಮಾಧಾನಕರ ಬಹುಮಾನ, ಪಕ್ಕದಲ್ಲಿ ಕಟ್ಟಿಹಾಕಿದ ಒಂದು ಟಗರು. ಆಮೇಲೆ ವೈಯಕ್ತಿಕ ಪ್ರಶಸ್ತಿಗಳು: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ, ಶಿಸ್ತಿನ ತಂಡ. ಉತ್ತಮ ದಾಳಿಗಾರನ ಕಪ್ ತಗೊಂಡ ಹುಡುಗನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಹಗಲು ತೋಟದಿಂದ ತೋಟಕ್ಕೆ ಹೋಗಿ ಕಾಯಿ ಸುಲಿಯುವ ಕೆಲಸ, ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ಕೈ ಕುಲುಕಿದಾಗ ಅಂಗೈ ಮರದ ತೊಗಟೆ ಹಾಗಿತ್ತು. ಫೋಟೊ ತೆಗೆಸಿಕೊಂಡು ಇಳಿಯುವಾಗ ಮೆಲ್ಲಗೆ ಕೇಳಿದ: "ಸಾರ್, ಇದುಕ್ಕೆ ಪೊಲೀಸ್ ಕೆಲಸ್ದಲ್ಲಿ ಏನಾದ್ರೂ ಲೆಕ್ಕ ಇಡ್ತಾರಾ?"

"ವಿಚಾರಿಸಿ ಹೇಳ್ತೀನಪ್ಪಾ" ಅಂದೆ. ಬೇರೆ ಏನೂ ಹೊಳೆಯಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇವತ್ತು ನಿಮಗೂ ಹೇಳ್ತಿದ್ದೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹೀಗೆ ಮನೆ ತುಂಬಾ ಕಪ್ ಇಟ್ಟುಕೊಂಡಿರುವ ಹುಡುಗ ಅವನೊಬ್ಬನೇ ಅಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಇವರು ವೃತ್ತಿಪರ ಆಟಗಾರರಲ್ಲ, ಹಾಗಂತ ಬರೀ ಹವ್ಯಾಸಕ್ಕೆ ಆಡುವವರೂ ಅಲ್ಲ. ಒಳ್ಳೆ ದಾಳಿಗಾರನನ್ನು ಪಕ್ಕದ ತಾಲ್ಲೂಕಿನ ತಂಡದವರು ಒಂದು ರಾತ್ರಿಗೆ ಕರೆಸಿಕೊಳ್ತಾರೆ, ಬಸ್ ಚಾರ್ಜು, ಊಟ, ಕೈಗೊಂದಿಷ್ಟು ದುಡ್ಡು ಕೊಡ್ತಾರೆ. ಇದಕ್ಕೆ ಅರೆವೃತ್ತಿಪರ ಆಟ ಅನ್ನಬಹುದು. ಇದು ನಮ್ಮಲ್ಲಿ ಮಾತ್ರ ಇರೋದಲ್ಲ. ಅಮೆರಿಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅವರ ಫುಟ್‌ಬಾಲ್ ಇದೆಯಲ್ಲ, ಅದರಲ್ಲೂ ಇಂಥ ತಂಡಗಳಿವೆ. ವಾರವೆಲ್ಲ ದುಡಿದು ವಾರಾಂತ್ಯದಲ್ಲಿ ಆಡುತ್ತಾರೆ, ಎಷ್ಟೋ ಕಡೆ ಆಟಗಾರನೇ ತಂಡಕ್ಕೆ ಶುಲ್ಕ ಕಟ್ಟಬೇಕು. ಅವರಲ್ಲೂ ವರ್ಷದ ಕೊನೆಗೆ ಅತ್ಯುತ್ತಮ ಆಟಗಾರ, ಆಲ್ ಸ್ಟಾರ್ ತಂಡ ಅಂತೆಲ್ಲ ಗೌರವ ಇದೆ.

ಜಾನಿ ಯುನಿಟಸ್ ಅಂತ ಒಬ್ಬ ಇದ್ದ. 1955ರಲ್ಲಿ ದೊಡ್ಡ ತಂಡವೊಂದು ಅವನನ್ನು ಬೇಡ ಅಂತ ಕಳಿಸಿಬಿಟ್ಟಿತು. ಹಗಲು ಕಟ್ಟಡ ಕೆಲಸ ಮಾಡಿಕೊಂಡು ಬ್ಲೂಮ್‌ಫೀಲ್ಡ್ ರ್‍ಯಾಮ್ಸ್ ಅನ್ನೋ ಅರೆವೃತ್ತಿಪರ ತಂಡಕ್ಕೆ ಪಂದ್ಯಕ್ಕೆ ಆರು ಡಾಲರಿಗೆ ಆಡಿದ. ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ಕರೆಯಿತು. ಮುಂದೆ 1959, 1964, 1967 ಹೀಗೆ ಮೂರು ಸಲ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅವನೇ. ಆರು ಡಾಲರಿನ ಮೈದಾನದಿಂದ ದೊಡ್ಡ ಮೈದಾನಕ್ಕೆ ಹೋಗೋಕೆ ಅವನಿಗೆ ಒಂದು ದಾರಿ ಇತ್ತು. ನಮ್ಮ ತೆಂಗಿನ ಸೀಮೆಯ ಹುಡುಗನಿಗೆ ಆ ದಾರಿ ಎಲ್ಲಿದೆ ಅನ್ನೋದು ಪ್ರಶ್ನೆ.

ಕೊಬ್ಬರಿ ಲೆಕ್ಕದಲ್ಲೇ ಹೇಳ್ತೀನಿ, ನಿಮಗೆ ಬೇಗ ಅರ್ಥವಾಗುತ್ತೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾದರೆ ಉಂಡೆ ಕೊಬ್ಬರಿ. ಮನೆಯಲ್ಲಿ ಅದು ಎಷ್ಟೇ ಚೆನ್ನಾಗಿ ಕಂಡರೂ ತಿಪಟೂರು ಎಪಿಎಂಸಿಗೆ ಹೋಗಿ ಟೆಂಡರ್‌ಗೆ ಬಿದ್ದಮೇಲೇ ಅದಕ್ಕೊಂದು ಬೆಲೆ. ಆಟಗಾರನ ಗೌರವವೂ ಹಾಗೇ. ಊರಿನ ಕಪ್ ಅಟ್ಟದ ಮೇಲಿನ ಕೊಬ್ಬರಿ. ಸರ್ಕಾರ ಒಪ್ಪುವ ಮಾರುಕಟ್ಟೆಯೇ ಬೇರೆ.

ಕೇಂದ್ರ ಸರ್ಕಾರದ ನೌಕರಿಯಲ್ಲಿ ಕ್ರೀಡಾಪಟುಗಳನ್ನು ತೆಗೆದುಕೊಳ್ಳುವ ನಿಯಮ 1980ರಿಂದ ಇದೆ. ಆ ಪಟ್ಟಿಯಲ್ಲಿ ಕಬಡ್ಡಿಯೂ ಇದೆ, ಖೋ ಖೋ ಕೂಡ ಇದೆ. ಸಾಧನೆ ತೋರಿಸೋಕೆ ನಮೂನೆಗಳಿವೆ. ದೇಶದ ಪರವಾಗಿ ಅಂತರರಾಷ್ಟ್ರೀಯ ಕೂಟದಲ್ಲಿ ಆಡಿದ್ದರೆ ನಮೂನೆ 1, ಅದಕ್ಕೆ ರಾಷ್ಟ್ರೀಯ ಫೆಡರೇಷನ್ ಸಹಿ. ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟದಲ್ಲಿ ಆಡಿದ್ದರೆ ನಮೂನೆ 2, ರಾಜ್ಯ ಸಂಸ್ಥೆಯ ಸಹಿ. ವಿಶ್ವವಿದ್ಯಾಲಯದ ಪರವಾಗಿ ಅಂತರ ವಿವಿ ಕೂಟದಲ್ಲಿ ಆಡಿದ್ದರೆ ನಮೂನೆ 3. ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟಕ್ಕೆ ರಾಜ್ಯದ ಶಾಲಾ ತಂಡದಲ್ಲಿ ಹೋಗಿದ್ದರೆ ನಮೂನೆ 4. ಇದರಲ್ಲಿ ಜಾತ್ರೆ ಪಂದ್ಯಾವಳಿ ಎಲ್ಲಿದೆ? ಎಲ್ಲೂ ಇಲ್ಲ.

ಇನ್ನೊಂದು ವಿಷಯ ಓದುವಾಗ ನನಗೇ ಆಶ್ಚರ್ಯ ಆಯ್ತು. ಆ ನಮೂನೆಗಳು ಕೇಳೋದು ನೀನು ಯಾವ ತಂಡದ ಪರ, ಯಾವ ಕೂಟದಲ್ಲಿ ಆಡಿದೆ, ಎಷ್ಟನೇ ಸ್ಥಾನ ಬಂತು ಅಂತ. "ಉತ್ತಮ ದಾಳಿಗಾರ ಆಗಿದ್ದೆಯಾ" ಅಂತ ಕೇಳುವ ಕಾಲಮ್ಮೇ ಇಲ್ಲ! ಊರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಗೌರವ. ಮೈಕಿನಲ್ಲಿ ಹೆಸರು ಕೂಗಿದಾಗ ಶಿಳ್ಳೆ ಬೀಳೋದು ಅದಕ್ಕೇ. ಕಚೇರಿ ಮೇಜಿನ ಮೇಲೆ ಅದಕ್ಕೆ ಜಾಗವಿಲ್ಲ. ರಾಜ್ಯ ತಂಡದ ಬೆಂಚಿನಲ್ಲಿ ಕೂತು ಬಂದವನ ಕಾಗದಕ್ಕೆ ಇರುವ ತೂಕ, ಹತ್ತು ಊರಲ್ಲಿ ಉತ್ತಮ ದಾಳಿಗಾರ ಆದವನ ಹತ್ತು ಕಪ್‌ಗೆ ಇಲ್ಲ. ಇದು ನ್ಯಾಯವಾ ಅಂತ ಕೇಳಿದರೆ, ಅರ್ಧ ನ್ಯಾಯ ಅಂತೀನಿ. ಯಾರು ಬೇಕಾದರೂ ಪಂದ್ಯಾವಳಿ ಇಟ್ಟು ಕಂಪ್ಯೂಟರ್ ಅಂಗಡಿಯಲ್ಲಿ ಸರ್ಟಿಫಿಕೇಟ್ ಪ್ರಿಂಟ್ ಹಾಕಿಸಿ ಹಂಚಿದರೆ ಸರ್ಕಾರ ಅದನ್ನೆಲ್ಲ ನಂಬೋಕಾಗಲ್ಲ. ಆ ಮಾತು ಒಪ್ಪಬೇಕು. ಹುಡುಗನಿಗೆ ಮೊದಲೇ ಇದನ್ನು ಯಾರೂ ಹೇಳಿರಲ್ಲವಲ್ಲ, ನನ್ನ ತಕರಾರು ಇರೋದು ಅಲ್ಲಿ.

ನಮ್ಮ ರಾಜ್ಯದಲ್ಲೂ ಪೊಲೀಸ್ ನೇಮಕಾತಿಯಲ್ಲಿ ಶೇ 3, ಉಳಿದ ಇಲಾಖೆಗಳಲ್ಲಿ ಶೇ 2 ಹುದ್ದೆ ಕ್ರೀಡಾಪಟುಗಳಿಗೆ ಅಂತ ಸರ್ಕಾರ ಘೋಷಿಸಿದೆ. ಅರ್ಜಿ ಕರೆದಾಗ ಯಾವ ಕೂಟ, ಯಾವ ಸ್ಥಾನ, ಯಾರ ಸಹಿ ಅಂತ ಅಧಿಸೂಚನೆಯಲ್ಲೇ ಇರುತ್ತೆ. ಅದನ್ನು ಅರ್ಜಿ ಹಾಕುವ ದಿನ ಓದಿದರೆ ಪ್ರಯೋಜನವಿಲ್ಲ ರೀ, ಹದಿನಾರನೇ ವಯಸ್ಸಿಗೇ ಓದಬೇಕು.

ಇನ್ನು ಪ್ರಶಸ್ತಿಗಳ ಮೆಟ್ಟಿಲು. ರಾಜ್ಯದಲ್ಲಿ ಎರಡು ಮುಖ್ಯ. ಏಕಲವ್ಯ ಪ್ರಶಸ್ತಿ ಹಳೆಯದು, ಕಂಚಿನ ಏಕಲವ್ಯನ ಪ್ರತಿಮೆ ಮತ್ತು ಎರಡು ಲಕ್ಷ ರೂಪಾಯಿ. ಎಲ್ಲ ಆಟದವರೂ ಅದಕ್ಕೆ ಪೈಪೋಟಿ ನಡೆಸುವುದರಿಂದ ಈಜು, ಅಥ್ಲೆಟಿಕ್ಸ್, ಬ್ಯಾಡ್ಮಿಂಟನ್ ನಡುವೆ ದೇಸಿ ಆಟದವರು ಹಿಂದೆ ಉಳೀತಾರೆ ಅನ್ನೋ ಕೂಗಿತ್ತು. ಹಾಗಾಗಿ ಗ್ರಾಮೀಣ ಆಟಗಳಿಗೇ ಮೀಸಲಾಗಿ ಕರ್ನಾಟಕ ಕ್ರೀಡಾರತ್ನ ಬಂತು. ಕಬಡ್ಡಿ, ಖೋ ಖೋ, ಕುಸ್ತಿ, ಮಲ್ಲಕಂಬ, ಕಂಬಳ, ಗುಂಡು ಎತ್ತುವವರು ಎಲ್ಲರಿಗೂ ಅಲ್ಲಿ ಜಾಗ. ಮೊತ್ತ ಒಂದು ಲಕ್ಷ. ಹಳ್ಳಿ ಆಟಕ್ಕೆ ಬೇರೆ ಪ್ರಶಸ್ತಿ ಮಾಡಿದ್ದು ಒಳ್ಳೆಯದು, ಸ್ವಾಮಿ. ಅದರ ದುಡ್ಡು ಏಕಲವ್ಯದ ಅರ್ಧ ಯಾಕೆ ಅಂತ ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೆರಡು ವರ್ಷದ ಪ್ರಶಸ್ತಿಯನ್ನು ಒಟ್ಟಿಗೆ ಹಂಚಿದ್ದೂ ಉಂಟು.

ದೇಶದ ಮಟ್ಟದಲ್ಲಿ ಅರ್ಜುನ ಪ್ರಶಸ್ತಿ, 1961ರಿಂದ ಇದೆ, ಈಗ ಹದಿನೈದು ಲಕ್ಷ. ಕಬಡ್ಡಿಯಲ್ಲಿ ನಮ್ಮವರು ಅದನ್ನು ತಂದಿದ್ದಾರೆ. ಸಿ. ಹೊನ್ನಪ್ಪ, ಬಿ.ಸಿ. ರಮೇಶ್, 2011ರಲ್ಲಿ ತೇಜಸ್ವಿನಿ ಬಾಯಿ, 2014ರಲ್ಲಿ ಮಮತಾ ಪೂಜಾರಿ. ಮಮತಾ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯವರು. ಅಲ್ಲಿಯ ಹಳ್ಳಿ ಹುಡುಗಿ ದೇಶದ ತಂಡದ ನಾಯಕಿಯಾದರು, ರೈಲ್ವೆ ಕೆಲಸ ಕೊಟ್ಟಿತು. ಗಮನಿಸಿ, ಅನ್ನ ಕೊಟ್ಟದ್ದು ರೈಲ್ವೆ, ಹಾರ ಹಾಕಿದ್ದು ಸರ್ಕಾರ.

ಖೋ ಖೋ ಆಟಗಾರರ ಕಥೆ ಬೇರೆಯೇ ಇದೆ. ಅರ್ಜುನಕ್ಕೆ ಅಂತರರಾಷ್ಟ್ರೀಯ ಪದಕಗಳ ಲೆಕ್ಕ ಮುಖ್ಯ. ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದಲೂ ಪದಕದ ಆಟ. ಖೋ ಖೋಗೆ ಆ ಭಾಗ್ಯ ಇಲ್ಲ. ಆಡೋಕೆ ಕೂಟವೇ ಇಲ್ಲದಿದ್ದರೆ ಪದಕ ಎಲ್ಲಿಂದ ಬರಬೇಕು? 2020ರಲ್ಲಿ ಮಹಾರಾಷ್ಟ್ರದ ಸಾರಿಕಾ ಕಾಳೆ ಅವರಿಗೆ ಅರ್ಜುನ ಬಂದಾಗ, ಖೋ ಖೋಗೆ ಅದು ಇಪ್ಪತ್ತೆರಡು ವರ್ಷಗಳ ಮೇಲೆ ಬಂದದ್ದು. ಆ ಇಪ್ಪತ್ತೆರಡು ವರ್ಷ ಇಡೀ ದೇಶದಲ್ಲಿ ಒಬ್ಬರೂ ಚೆನ್ನಾಗಿ ಓಡಲಿಲ್ಲ ಅಂತ ಯಾರಾದರೂ ನಂಬ್ತೀರಾ?

ಆಮೇಲೆ ಬಂತು 2025ರ ಜನವರಿ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್. 19ನೇ ತಾರೀಕು ಫೈನಲ್. ಮಹಿಳೆಯರು ನೇಪಾಳವನ್ನು 78–40ರಿಂದ, ಪುರುಷರು ಅದೇ ನೇಪಾಳವನ್ನು 54–36ರಿಂದ ಸೋಲಿಸಿದರು. ಎರಡೂ ಕಪ್ ನಮ್ಮದೇ. ಆ ತಂಡಗಳಲ್ಲಿ ಇಬ್ಬರು ಕನ್ನಡಿಗರು: ಎಂ.ಕೆ. ಗೌತಮ್, ಮತ್ತು ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ರಾಜ್ಯ ಸರ್ಕಾರ ಇಬ್ಬರಿಗೂ ಸನ್ಮಾನ ಮಾಡಿ ತಲಾ ಐದು ಲಕ್ಷ ರೂಪಾಯಿ ಘೋಷಿಸಿತು.

ಇಬ್ಬರೂ ಬೇಡ ಅಂದರು.

ಸಾಮಾನ್ಯವಾಗಿ ನಮ್ಮಲ್ಲಿ ಆಟಗಾರರು ಶಾಲು, ಪೇಟ, ಚೆಕ್ಕು ಕೊಟ್ಟರೆ ಕೈಮುಗಿದು ತಗೊಂಡು ಹೋಗೋರೇ. ಇವರು ಪತ್ರಕರ್ತರ ಮುಂದೆ ಕೂತು ಕಾರಣ ಹೇಳಿದರು. ಅದೇ ತಂಡದಲ್ಲಿ ತಮ್ಮ ಜೊತೆ ಆಡಿದ ಮಹಾರಾಷ್ಟ್ರದವರಿಗೆ ಅಲ್ಲಿಯ ಸರ್ಕಾರ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಕೊಡ್ತಿದೆ, ನಮಗೆ ಐದು ಲಕ್ಷವಾ ಅಂತ. ಸ್ಟುಡಿಯೋದಲ್ಲಿ ಅವತ್ತು ಚರ್ಚೆ ಮಾಡುವಾಗ "ಐದು ಲಕ್ಷ ಕಮ್ಮಿನಾ? ದುರಾಸೆ" ಅಂತ ಫೋನ್ ಮಾಡಿದವರೂ ಇದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು. ಕ್ರಿಕೆಟ್ ಆಡೋನಿಗೆ ಐದು ಲಕ್ಷ ಜೇಬುಖರ್ಚು ಇರಬಹುದು. ಖೋ ಖೋ ಆಡುವವರಿಗೆ ಮೂವತ್ತು ದಾಟಿದ ಮೇಲೆ ಕಾಲು ಓಡಲ್ಲ, ಐದು ಲಕ್ಷದಲ್ಲಿ ಮುಂದಿನ ಮೂವತ್ತು ವರ್ಷ ಕಳೆಯೋಕೂ ಆಗಲ್ಲ. ಅವರು ಕೇಳಿದ್ದರಲ್ಲಿ ದುಡ್ಡಿಗಿಂತ ಕೆಲಸದ ಮಾತೇ ದೊಡ್ಡದು ಅಂತ ನನಗೆ ಅನಿಸಿತು.

ಲೀಗ್ ಇದೆಯಲ್ಲ ಅಂತೀರಾ? ಇದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾಯ್ತು, ಆರನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ ದಾಳಿಯಲ್ಲಿ 22 ಅಂಕ ತಂದಿದ್ದು ನಿಮಗೆ ನೆನಪಿರಬೇಕು. 2023ರ ಹರಾಜಿನಲ್ಲಿ ಅವರಿಗೆ ಎರಡೂವರೆ ಕೋಟಿಗೂ ಹೆಚ್ಚು ಸಿಕ್ಕಿತು. ಅಲ್ಲಿ ಉತ್ತಮ ದಾಳಿಗಾರ ಅನ್ನೋ ಪ್ರಶಸ್ತಿಗೆ ನೇರವಾಗಿ ಬೆಲೆ ಇದೆ, ಮುಂದಿನ ಹರಾಜಿನಲ್ಲಿ ದರ ಏರುತ್ತೆ. ಆದರೆ ಆ ಬಾಗಿಲು ಸಣ್ಣದು. ಖೋ ಖೋಗೂ 2022ರಲ್ಲಿ ಅಲ್ಟಿಮೇಟ್ ಖೋ ಖೋ ಅಂತ ಲೀಗ್ ಬಂತು. ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ, ತೆಲುಗು ಹೀಗೆ ಆರು ತಂಡ. ಕರ್ನಾಟಕದ ಹೆಸರಿನಲ್ಲಿ ಒಂದೂ ಇಲ್ಲ. ಅಮೆರಿಕನ್ ಫುಟ್‌ಬಾಲ್‌ಗೇ 2012ರಲ್ಲಿ ಇಲ್ಲೊಂದು ಲೀಗ್ ಮಾಡಿ ಬೆಂಗಳೂರು ವಾರ್‌ಹಾಕ್ಸ್ ಅಂತ ತಂಡ ಕಟ್ಟಿ ಕೊಲಂಬೊದಲ್ಲಿ ಆಡಿಸಿದವರು ಇದ್ದಾರೆ. ನಮ್ಮ ಮಣ್ಣಿನ ಖೋ ಖೋಗೆ ತಂಡ ಕಟ್ಟೋರು ಸಿಗಲಿಲ್ಲ.

ಸರಿ, ಆ ಹುಡುಗನಿಗೆ ಏನು ಹೇಳಿದೆ? ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿನ್ನ ಹನ್ನೊಂದು ಕಪ್‌ಗೆ ನೇಮಕಾತಿಯಲ್ಲಿ ಲೆಕ್ಕ ಇಲ್ಲ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಶುರುವಾಗಿ ಜಿಲ್ಲೆ, ವಿಭಾಗ, ರಾಜ್ಯ ಮಟ್ಟದವರೆಗೆ ಹೋಗುತ್ತೆ, ಅದಕ್ಕೆ ಹೆಸರು ಕೊಡು. ತುಮಕೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ ಯಾವಾಗ ಅಂತ ಕಬಡ್ಡಿ ಸಂಸ್ಥೆಯವರ ಹತ್ತಿರ ಕೇಳು. ನಿಂತುಹೋದ ಡಿಗ್ರಿ ಮತ್ತೆ ಶುರು ಮಾಡಿದರೆ ವಿವಿ ತಂಡದ ಬಾಗಿಲೂ ತೆರೆಯುತ್ತೆ, ವಯಸ್ಸಿನ ಮಿತಿ ನೋಡಿಕೋ. ಆಡಿದ ಪ್ರತಿ ಕೂಟದಲ್ಲೂ ಯಾರ ಸಹಿ, ಯಾವ ಸೀಲು ಅಂತ ನೋಡಿ ಕಾಗದ ಇಸ್ಕೊಂಡು ಬಾ.

ಊರ ಪಂದ್ಯಾವಳಿ ಮಾಡೋ ಯುವಕ ಸಂಘದವರಿಗೂ ಒಂದು ಮಾತು ಹೇಳಿದ್ದೀನಿ. ಟಗರಿಗೆ ಖರ್ಚು ಮಾಡೋ ದುಡ್ಡಲ್ಲಿ ಒಂದು ಪಾಲು ತೆಗೆದಿಟ್ಟು ಜಿಲ್ಲಾ ಸಂಸ್ಥೆಯ ಅನುಮತಿ ತಗೊಂಡು, ಅವರ ತೀರ್ಪುಗಾರರನ್ನೇ ಕರೆಸಿ ಆಡಿಸಿ. ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸುವವರ ಕಣ್ಣಿಗಾದರೂ ಹುಡುಗರು ಬೀಳ್ತಾರೆ. ಅವರು ನಕ್ಕು, "ಅಣ್ಣಾ, ಟಗರು ಇಲ್ದಿದ್ರೆ ಟೀಮೇ ಬರಲ್ಲ" ಅಂದರು. ಅದೂ ನಿಜವೇ ಇರಬೇಕು.

ಹುಡುಗ ಎಲ್ಲ ಕೇಳಿಸಿಕೊಂಡು, "ಆಯ್ತು ಸಾರ್, ಇದ್ನ ನಾಕ್ ವರ್ಷದ್ ಹಿಂದೆ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು" ಅಂದ. ಈಗ ಆಯ್ಕೆ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾನಂತೆ. ಅವತ್ತು ಕಾಯಿ ಸುಲಿಯೋಕೆ ಬರಲ್ಲ ಅಂತ ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದಾನೆ.