ನಾರ್ವಾಲಿನ ಕೋರೆ

ಹಿಂದಿನ ತಿಂಗಳು ತರಗತಿಯಲ್ಲಿ ಉತ್ತರ ಧ್ರುವದ ಪ್ರಾಣಿಗಳ ಚಿತ್ರಗಳನ್ನು ತೋರಿಸುತ್ತಿದ್ದಾಗ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಈ ತಿಮಿಂಗಿಲಕ್ಕೆ ಆ ಕೊಂಬು ಏತಕ್ಕೆ?” ಎಂದು ಕೇಳಿದನು. ನಾನು ತಡಮಾಡಲಿಲ್ಲ. “ಮಂಜುಗಡ್ಡೆಯನ್ನು ಒಡೆಯುವುದಕ್ಕೆ” ಎಂದುಬಿಟ್ಟೆ. ಹುಡುಗನು ಅದನ್ನು ಶ್ರದ್ಧೆಯಿಂದ ಬರೆದುಕೊಂಡನು. ರಾತ್ರಿ ಮನೆಯಲ್ಲಿ ಪುಸ್ತಕಗಳನ್ನು ತೆರೆದು ನೋಡಿದಾಗ ಅವನ ಪ್ರಶ್ನೆಯಲ್ಲಿ ಒಂದು ತಪ್ಪೂ ನನ್ನ ಉತ್ತರದಲ್ಲಿ ಇನ್ನೊಂದೂ ಇದ್ದುದು ತಿಳಿದುಬಂತು.

ಮೊದಲನೆಯದಾಗಿ, ಅದು ಕೊಂಬಲ್ಲ, ಹಲ್ಲು. ಕೆನಡಾ, ಗ್ರೀನ್‌ಲೆಂಡ್‌ಗಳ ಉತ್ತರದ ಹೆಪ್ಪುಗಟ್ಟುವ ಕಡಲಿನಲ್ಲಿ ವಾಸಿಸುವ ನಾರ್ವಾಲ್ ಎಂಬ ತಿಮಿಂಗಿಲದ ಮೇಲ್ದವಡೆಯ ಎಡಗೋರೆಯು ತುಟಿಯನ್ನು ತೂರಿಕೊಂಡು ಹೊರಬಂದು, ತಿರುಪಿನಂತೆ ಎಡಕ್ಕೆ ಸುತ್ತುತ್ತ ನೇರವಾಗಿ ಮುಂದಕ್ಕೆ ಬೆಳೆಯುತ್ತದೆ. ಸುಮಾರು 15 ಅಡಿಯ ದೇಹಕ್ಕೆ 9 ಅಡಿಯವರೆಗಿನ ಕೋರೆ! ಆದರೆ ಬಾಯಿಯೊಳಗೆ ಅಗಿಯಲು ಬರುವ ಹಲ್ಲು ಒಂದೂ ಇಲ್ಲ. ಮೀನನ್ನು ಹೀರಿ ಹಾಗೆಯೇ ನುಂಗುವುದೇ ಅದರ ಊಟದ ಕ್ರಮ.

ಈ ಹಲ್ಲನ್ನು ಕೊಂಬೆಂದು ನಂಬಿದವನು ನನ್ನ ವಿದ್ಯಾರ್ಥಿಯೊಬ್ಬನೇ ಅಲ್ಲ. ಯೂರೋಪು ಖಂಡವೇ ಶತಮಾನಗಳ ಕಾಲ ಹಾಗೆ ನಂಬಿತ್ತು. ಕ್ರಿಸ್ತಪೂರ್ವ 400ರ ಸುಮಾರಿನಲ್ಲಿ, ಪಾರಸಿಕ ದೊರೆಯ ಆಸ್ಥಾನದಲ್ಲಿದ್ದ ಟೀಸಿಯಸ್ ಎಂಬ ಗ್ರೀಕ್ ವೈದ್ಯನು ಭಾರತದಲ್ಲಿ ಒಂಟಿಕೊಂಬಿನ ಕಾಡುಕತ್ತೆಗಳಿವೆಯೆಂದೂ, ಆ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷದ ಭಯವಿಲ್ಲವೆಂದೂ ಬರೆದಿಟ್ಟನು. ನಮ್ಮ ಖಡ್ಗಮೃಗದ ಸುದ್ದಿ ದೂರ ಸಾಗಿ ಹಾಗೆ ರೂಪಾಂತರಗೊಂಡಿತ್ತೆಂದು ಕಾಣುತ್ತದೆ. ವಿಷಪ್ರಾಶನಕ್ಕೆ ಹೆದರುತ್ತಿದ್ದ ಯೂರೋಪಿನ ಅರಸರು ಆ ಏಕಶೃಂಗಿಯ ಕೊಂಬಿಗಾಗಿ ಹಂಬಲಿಸಿದರು. ಭಾರತದಿಂದ ಬಾರದ ಆ ಕೊಂಬನ್ನು ಉತ್ತರದ ವರ್ತಕರು ಕಡಲಿನಿಂದ ತಂದು ಮಾರಿದರು. 1577ರಲ್ಲಿ ನಾವಿಕ ಮಾರ್ಟಿನ್ ಫ್ರೋಬಿಷರನು ಸತ್ತುಬಿದ್ದಿದ್ದ ನಾರ್ವಾಲೊಂದರ ಕೋರೆಯನ್ನು ತಂದು ಇಂಗ್ಲೆಂಡಿನ ರಾಣಿ ಎಲಿಜಬೆತ್ತಳಿಗೆ ಒಪ್ಪಿಸಿದನು. 1638ರಲ್ಲಿ ಡೆನ್ಮಾರ್ಕಿನ ವೈದ್ಯ ಓಲೆ ವೂರ್ಮನು ಇದು ಕಡಲಪ್ರಾಣಿಯ ಹಲ್ಲೆಂದು ತೋರಿಸಿಕೊಟ್ಟನು. ಆದರೇನು? ಅದೇ ಡೆನ್ಮಾರ್ಕಿನಲ್ಲಿ 1671ರ ಪಟ್ಟಾಭಿಷೇಕಕ್ಕೆ ಸಿದ್ಧವಾದ ಸಿಂಹಾಸನವನ್ನು ಈ ಕೋರೆಗಳಿಂದಲೇ ಸಿಂಗರಿಸಿದರು. ತಿಳಿವಳಿಕೆ ಬಂದ ಮಾತ್ರಕ್ಕೆ ನಂಬಿಕೆ ಹೊರಟುಹೋಗುವುದಿಲ್ಲ.

ಇನ್ನು ನನ್ನ ತಪ್ಪು. ಕೋರೆ ಮಂಜುಗಡ್ಡೆಯನ್ನು ಒಡೆಯುವುದಕ್ಕೇ ಆಗಿದ್ದರೆ ಹೆಣ್ಣು ನಾರ್ವಾಲುಗಳ ಗತಿಯೇನು? ಹೆಣ್ಣುಗಳಲ್ಲಿ ಬಹುಪಾಲಿಗೆ ಕೋರೆಯೇ ಇಲ್ಲ. ಆದರೂ ಅವು ಅದೇ ಹಿಮದಡಿಯಲ್ಲಿ ಈಜಿ, ಅದೇ ಮೀನನ್ನು ಹಿಡಿದು, ಮರಿಗಳನ್ನು ಸಾಕುತ್ತವೆ. ನಮ್ಮ ಕಾಡಿನ ಹೆಣ್ಣಾನೆ ದಂತವಿಲ್ಲದೆ ಬಾಳುವಂತೆಯೇ ಇದು. ಜೀವನಕ್ಕೆ ಅನಿವಾರ್ಯವಾದುದು ಗಂಡಿಗೆ ಮಾತ್ರ ಇರುವುದು ಸಾಧ್ಯವಿಲ್ಲವೆಂಬ ಸರಳ ತರ್ಕ ನನಗೆ ಹೊಳೆಯಲಿಲ್ಲ.

ಹಾಗಾದರೆ ಏತಕ್ಕೆ? 2014ರಲ್ಲಿ ಅಮೆರಿಕದ ದಂತವೈದ್ಯ ಮಾರ್ಟಿನ್ ನ್ವೀಯಾ ಮತ್ತು ಸಂಗಡಿಗರು ಕುತೂಹಲಕರವಾದ ಸಂಗತಿಯೊಂದನ್ನು ಪ್ರಕಟಿಸಿದರು. ಆ ಕೋರೆಯ ಹೊರಮೈಯಿಂದ ಒಳಗಿನ ನರಗಳ ಕಡೆಗೆ ಸೂಕ್ಷ್ಮವಾದ ನಾಳಗಳಿವೆ. ಕೋರೆಗೆ ಉಪ್ಪುನೀರು, ಸಿಹಿನೀರು ಸೋಕಿಸಿದಾಗ ನಾರ್ವಾಲಿನ ಎದೆಬಡಿತ ವ್ಯತ್ಯಾಸವಾಯಿತು. ಆಯುಧವೆಂದು ಕಾಣುವುದು ಸ್ಪರ್ಶವನ್ನು ಬಲ್ಲ ಅಂಗವೂ ಹೌದು. 2017ರಲ್ಲಿ ಕೆನಡಾದ ಟ್ರೆಂಬ್ಲೆ ಸೌಂಡ್ ಎಂಬ ಕೊಲ್ಲಿಯ ಮೇಲೆ ಹಾರಿಸಿದ ಡ್ರೋನಿನ ಚಿತ್ರಗಳು ಬೇರೊಂದನ್ನು ತೋರಿಸಿದುವು: ನಾರ್ವಾಲು ಕೋರೆಯಿಂದ ಮೀನಿಗೆ ತಟ್ಟನೆ ಹೊಡೆದು, ಅದು ಸ್ತಬ್ಧವಾದೊಡನೆ ನುಂಗುತ್ತಿತ್ತು. 2020ರಲ್ಲಿ 245 ಗಂಡುಗಳ ಅಳತೆಗಳನ್ನು ಪರಿಶೀಲಿಸಿದವರು, ದೇಹ ಬೆಳೆದಂತೆಲ್ಲ ಕೋರೆಯು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೆಳೆಯುವುದನ್ನು ಕಂಡರು. ಗಂಡುಗಳ ಪೈಪೋಟಿಯಲ್ಲಿಯೂ ಹೆಣ್ಣಿನ ಒಲವಿನಲ್ಲಿಯೂ ನೆರವಾಗುವ ಅಂಗಗಳ ಲಕ್ಷಣವಿದು. ಜಿಂಕೆಯ ಕೊಂಬು, ನವಿಲಿನ ಗರಿಗಳ ಸಾಲಿಗೆ ಇದೂ ಸೇರಬೇಕು.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕೋರೆ ಏಕೆ ಇಷ್ಟು ಬೆಳೆಯಿತು ಎಂಬುದೊಂದು. ಇರುವ ಕೋರೆಯನ್ನು ಪ್ರಾಣಿ ಏನೇನಕ್ಕೆ ಬಳಸುತ್ತದೆ ಎಂಬುದಿನ್ನೊಂದು. ಮೊದಲನೆಯದಕ್ಕೆ ಗಂಡುಗಳ ಪೈಪೋಟಿಯೇ ಸದ್ಯದ ಬಲವಾದ ಉತ್ತರ. ಎರಡನೆಯದಕ್ಕೆ ಉತ್ತರಗಳು ಹಲವು. ಊರುಗೋಲನ್ನು ಊರಿಕೊಳ್ಳುವುದಕ್ಕೆಂದೇ ಮಾಡಿದ್ದರೂ ಅಜ್ಜನು ಅದರಿಂದ ನಾಯಿಯನ್ನು ಓಡಿಸುವುದಿಲ್ಲವೆ, ಮಾವಿನಕಾಯಿ ಕೆಡಹುವುದಿಲ್ಲವೆ?

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಇಷ್ಟನ್ನೂ ವಿವರಿಸಿದೆ. ಹುಡುಗನು ಹಳೆಯ ಸಾಲನ್ನು ಹೊಡೆದುಹಾಕಿದನು. ಆದರೆ ಪೆನ್ನು ಎತ್ತಿಕೊಂಡೇ ಕುಳಿತಿದ್ದು, ಕೊನೆಗೆ ಕೇಳಿದನು: “ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ, ಸಾರ್?”

ಈ ಸಲ ಉತ್ತರ ಹೇಳುವುದಕ್ಕೆ ನಾನು ತುಸು ತಡಮಾಡಿದೆ.