ಕೆಂಡಾಮ
ಕೆಂಡಾಮವು ಜಪಾನಿನ ಸಾಂಪ್ರದಾಯಿಕ ಕೌಶಲದ ಆಟಿಕೆ. ಜಪಾನಿ ಭಾಷೆಯಲ್ಲಿ 'ಕೆನ್' ಎಂದರೆ ಕತ್ತಿ, 'ತಾಮ' ಎಂದರೆ ಚೆಂಡು. ಮರದ ಹಿಡಿಯ ತುದಿಯಲ್ಲಿ ಮೊನೆಯೂ, ಇಕ್ಕೆಲಗಳಲ್ಲಿ ಮತ್ತು ಬುಡದಲ್ಲಿ ಒಟ್ಟು ಮೂರು ಬಟ್ಟಲುಗಳೂ ಇರುತ್ತವೆ. ರಂಧ್ರವುಳ್ಳ ಚೆಂಡೊಂದನ್ನು ದಾರದಿಂದ ಹಿಡಿಗೆ ಕಟ್ಟಲಾಗಿರುತ್ತದೆ. ಚೆಂಡನ್ನು ಮೇಲಕ್ಕೆ ಚಿಮ್ಮಿಸಿ ಬಟ್ಟಲಲ್ಲಿ ನಿಲ್ಲಿಸುವುದು ಅಥವಾ ಮೊನೆಗೆ ಸಿಕ್ಕಿಸುವುದು ಆಟದ ಮೂಲ.

ಈ ಆಟದಲ್ಲಿ ತೋಳಿನ ಬಲಕ್ಕಿಂತ ಮೊಣಕಾಲಿನ ಚಲನೆ ಮುಖ್ಯವಾದುದು. ಚೆಂಡು ಇಳಿಯುವಾಗ ಮೊಣಕಾಲು ಬಗ್ಗಿಸಿದರೆ ಬಟ್ಟಲೂ ಅದರೊಡನೆ ಇಳಿಯುತ್ತದೆ. ಆಘಾತ ತಗ್ಗಿ ಚೆಂಡು ಪುಟಿಯದೆ ನಿಲ್ಲುತ್ತದೆ.

ಇಂದಿನ ರೂಪದ ಕೆಂಡಾಮವನ್ನು ಹಿರೋಷಿಮಾ ಪ್ರಾಂತ್ಯದ ಕುರೆ ನಗರದ ಎಗುಸಾ ಹಮಾಜಿ ರೂಪಿಸಿ, 1919ರಲ್ಲಿ ನೋಂದಾಯಿಸಿದರು. 1975ರಲ್ಲಿ ಸ್ಥಾಪನೆಯಾದ ಜಪಾನ್ ಕೆಂಡಾಮ ಸಂಘವು ಆಟಿಕೆಯ ಅಳತೆಗಳನ್ನೂ ಆಟದ ನಿಯಮಗಳನ್ನೂ ಏಕರೂಪಗೊಳಿಸಿತು. ಇದರಿಂದ ಮಕ್ಕಳ ಆಟಿಕೆಯು ಸ್ಪರ್ಧಾತ್ಮಕ ಕ್ರೀಡೆಯಾಗಿಯೂ ಬೆಳೆಯಿತು.